ಧ್ವನಿ ಹಿಡಿಯುವ ಸಾಧನವೂ ನಮ್ಮ ಹಿರಿಯರ ಮಾತೂ
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಇಂದು ನಾವು ಹೇಳಹೊರಟಿರುವುದು ಕಂಪ್ಯೂಟರಿನಲ್ಲಿ ಧ್ವನಿಮುದ್ರಣ ಮಾಡುವ ‘ಆಡಾಸಿಟಿ’ ಎಂಬ ಸಾಧನದ ವಿಚಾರ. ಲೋಟ ತೊಳೆಯುವವನಿಗೂ ಮಗ್ಗದ ಮುಂದೆ ನಿಂತವನಿಗೂ ಇದೇಕೆಂದು ಕೆಲವರು ಕೇಳಿಯಾರು. ಅವರಿಗೇ ಇದು ಹೆಚ್ಚು ಬೇಕೆಂಬುದು ನಮ್ಮ ಅಭಿಪ್ರಾಯ.

1982ರ ಜನವರಿ 18ರಂದು ಮುಂಬಯಿಯ ಗಿರಣಿಗಳ ಮುಷ್ಕರ ಆರಂಭವಾಯಿತು. ಸುಮಾರು ಎರಡೂವರೆ ಲಕ್ಷ ಕೂಲಿಕಾರರು ಕೆಲಸ ನಿಲ್ಲಿಸಿದರು. ಮುಂದೆ ಒಂದೊಂದಾಗಿ ಗಿರಣಿಗಳ ಭೋಂಗಾ ನಿಂತುಹೋಯಿತು. ಆ ನೆಲದ ಮೇಲೆ ಮಾಲುಗಳೂ ಎತ್ತರದ ಕಟ್ಟಡಗಳೂ ಎದ್ದವು. ಅಂದು 25ರ ಹರೆಯದಲ್ಲಿದ್ದವರು ಇಂದು 65 ದಾಟಿದ್ದಾರೆ. ನೀರಾ ಅಡಾರ್ಕರ್ ಮತ್ತು ಮೀನಾ ಮೆನನ್ ಅವರು ಗಿರಣಗಾಂವಿನ ಕಾರ್ಮಿಕರ ಬಾಯಿಮಾತನ್ನೇ ಕೂಡಿಸಿ 2004ರಲ್ಲಿ ಒಂದು ದೊಡ್ಡ ಗ್ರಂಥವನ್ನು ಹೊರತಂದರು. ಕೂಲಿಕಾರನ ಮಾತೂ ಚರಿತ್ರೆಯೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ನಮ್ಮ ಕನ್ನಡದವರ ಮಾತನ್ನು ಹಿಡಿದಿಡುವ ಕೆಲಸವನ್ನು ನಾವಲ್ಲದೆ ಬೇರೆ ಯಾರು ಮಾಡಬೇಕು? ಊರು ಬಿಟ್ಟುಬಂದ ಹುಡುಗ ಹಗಲೆಲ್ಲ ಟೇಬಲು ಒರೆಸಿ, ರಾತ್ರಿಶಾಲೆಯಲ್ಲಿ ತೂಕಡಿಸುತ್ತ ಓದಿದ ಕಥೆಯನ್ನು ಅವನ ಬಾಯಿಂದಲೇ ಕೇಳಬೇಕು. ಅವನ ದನಿ ನಿಂತ ಮೇಲೆ ಯಾವ ಯಂತ್ರವೂ ಅದನ್ನು ತಂದುಕೊಡಲಾರದು.

ಈ ಸಾಧನವನ್ನು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಡೊಮಿನಿಕ್ ಮಝೋನಿ ಮತ್ತು ರೋಜರ್ ಡ್ಯಾನೆನ್‌ಬರ್ಗ್ ಎಂಬವರು 1999ರಲ್ಲಿ ಕಟ್ಟಲು ತೊಡಗಿದರು. 2000ನೆಯ ಇಸವಿಯ ಮೇ ತಿಂಗಳಲ್ಲಿ ಅದು ಸಾರ್ವಜನಿಕರ ಕೈಗೆ ಬಂತು. 2021ರಿಂದ ಮ್ಯೂಸ್ ಗ್ರೂಪ್ ಎಂಬ ಸಂಸ್ಥೆ ಇದರ ಹೊಣೆ ಹೊತ್ತಿದೆ. ಆದರೂ ಇದರ ಒಳಗಿನ ಬರಹ ಎಲ್ಲರಿಗೂ ತೆರೆದೇ ಇದೆ. ಯಾರೂ ಓದಬಹುದು, ತಿದ್ದಬಹುದು, ಹಂಚಬಹುದು. ಕಾಸು ಕೊಡಬೇಕಾಗಿಲ್ಲ. ಆದುದರಿಂದ ಇದನ್ನು ಹಾಕಿಕೊಡುವುದಕ್ಕೆ ‘ಲೈಸೆನ್ಸಿನ ದುಡ್ಡು’ ಎಂದು ಯಾವ ಅಂಗಡಿಯವನಾದರೂ ಕೇಳಿದರೆ, ಕೈ ಮುಗಿದು ಹೊರಗೆ ಬನ್ನಿರಿ.

ಇಳಿಸಿಕೊಳ್ಳುವಾಗ ಆಡಾಸಿಟಿಯವರ ಸ್ವಂತ ತಾಣದಿಂದಲೇ ಇಳಿಸಬೇಕು. ಅದೇ ಹೆಸರನ್ನು ತೋರಿಸಿ ಬೇಡದ ಸರಕನ್ನೂ ಜೊತೆಗೆ ಸೇರಿಸಿ ಕೊಡುವ ತಾಣಗಳು ಉಂಟು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಇದು ನಡೆಯುತ್ತದೆ, ಮೊಬೈಲಿನಲ್ಲಿ ನಡೆಯುವುದಿಲ್ಲ. ಮೊಬೈಲಿನಲ್ಲಿ ಮುದ್ರಿಸಿ ತಂದುದನ್ನು ಕಂಪ್ಯೂಟರಿನಲ್ಲಿ ತಿದ್ದಬಹುದು. ಆದರೆ ಮೊಬೈಲಿನ ಎಂ4ಎ ಬಗೆಯ ಕಡತವನ್ನು ವಿಂಡೋಸಿನಲ್ಲಿ ತೆರೆಯಬೇಕಾದರೆ ಎಫ್‌ಎಫ್‌ಎಂಪೆಗ್ ಎಂಬ ಇನ್ನೊಂದು ಉಚಿತ ಸಾಧನವನ್ನೂ ಹಾಕಿಕೊಳ್ಳಬೇಕು. ಇದು ತಿಳಿಯದೆ, ಯಂತ್ರವೇ ಕೆಟ್ಟಿತೆಂದು ಕೈಬಿಟ್ಟವರು ಹಲವರು. ಎಂಪಿ3 ಮಾಡುವುದಕ್ಕೆ ಮೊದಲು ಬೇರೊಂದು ತುಣುಕು ಬೇಕಿತ್ತು. ಈಗ ಅದು ಒಳಗೇ ಸೇರಿದೆ.

ಹಾಕಿಕೊಂಡಾಯಿತು. ಇನ್ನು ಅಣಿಮಾಡುವ ಕೆಲಸ. ಮೇಲಿನ ‘ಆಡಿಯೋ ಸೆಟಪ್’ ಗುಂಡಿಯನ್ನು ಒತ್ತಿ ಯಾವ ಮೈಕಿನಿಂದ ಧ್ವನಿ ಬರಬೇಕೆಂಬುದನ್ನು ಆರಿಸಬೇಕು. ಹೊರಗಿನ ಮೈಕನ್ನು ಮೊದಲು ಚುಚ್ಚಿ, ಆಮೇಲೆ ಆಡಾಸಿಟಿಯನ್ನು ತೆರೆಯುವುದು ಲೇಸು. ಒಬ್ಬನ ಮಾತಿಗೆ ಮೋನೋ, ಅಂದರೆ ಒಂದೇ ವಾಹಿನಿ, ಧಾರಾಳ ಸಾಕು. ಸೆಕೆಂಡಿಗೆ 44,100 ಸಲ ಧ್ವನಿಯ ಮಾದರಿ ತೆಗೆಯುವ ಅಳತೆಯನ್ನು ಇಟ್ಟುಕೊಂಡರೆ, ಅದರ ಸಾಮಾನ್ಯ 32 ಬಿಟ್ಟಿನ ಲೆಕ್ಕದಲ್ಲಿ ನಿಮಿಷಕ್ಕೆ ಹತ್ತೂವರೆ ಎಂಬಿಯಷ್ಟು ಜಾಗ ಹಿಡಿಯುತ್ತದೆ. ಒಂದು ಗಂಟೆಯ ಮಾತಿಗೆ 630 ಎಂಬಿಗೂ ಮಿಕ್ಕಿ. ಡಿಸ್ಕಿನಲ್ಲಿ ಅಷ್ಟು ಎಡೆ ಇದೆಯೇ ಎಂದು ಮೊದಲೇ ನೋಡಿಕೊಳ್ಳಿರಿ.

ಎಲ್ಲಕ್ಕಿಂತ ಮುಖ್ಯವಾದುದು ಧ್ವನಿಯ ಮಟ್ಟ. ಮಾತನಾಡುವಾಗ ಮೇಲಿನ ಪಟ್ಟಿ ಏರಿಳಿಯುತ್ತದೆ. ಅದರ ತುದಿ ಕಳೆಯುವ 12 ಮತ್ತು ಕಳೆಯುವ 6 ಡೆಸಿಬೆಲ್ಲುಗಳ ನಡುವೆ ಆಡುತ್ತಿರಲಿ. ಸೊನ್ನೆಗೆ ಮುಟ್ಟಿದರೆ ಅಲೆಯ ನೆತ್ತಿ ಕತ್ತರಿಸಿಹೋಗುತ್ತದೆ. ಉಕ್ಕಿ ಒಲೆಗೆ ಬಿದ್ದ ಹಾಲು ಪಾತ್ರೆಗೆ ಮರಳುವುದಿಲ್ಲವೆಂಬುದನ್ನು ನಮ್ಮ ಅಡುಗೆ ಭಟ್ಟರಿಗೆ ಹೇಳಬೇಕಾಗಿಲ್ಲ, ಇದೂ ಹಾಗೆಯೇ. ಮಟ್ಟ ತುಸು ಕಡಿಮೆಯಾದರೆ ಆಮೇಲೆ ಏರಿಸಬಹುದು. ಮುದ್ರಿಸಲು ಆರ್ ಅಕ್ಷರದ ಕೀಲಿ, ನಿಲ್ಲಿಸಲು ಸ್ಪೇಸಿನ ಉದ್ದ ಕೀಲಿ. ತಪ್ಪಿ ಏನನ್ನಾದರೂ ಅಳಿಸಿದರೆ ಕಂಟ್ರೋಲ್ ಮತ್ತು ಝಡ್ ಒತ್ತಿದಾಗ ಮರಳಿ ಬರುತ್ತದೆ.

ನಮ್ಮ ಕೋಣೆಗಳಲ್ಲಿ ನಿಶ್ಶಬ್ದವೆಲ್ಲಿಯದು? ಫ್ಯಾನು ನಿಲ್ಲಿಸಿದರೆ ಬೆವರು, ಹಚ್ಚಿದರೆ ಗುಯ್ಯೆಂಬ ಸದ್ದು. ಇದಕ್ಕೊಂದು ಉಪಾಯವಿದೆ. ಮಾತು ಶುರುಮಾಡುವ ಮುನ್ನ ಐದು ಸೆಕೆಂಡು ಎಲ್ಲರೂ ಸುಮ್ಮನಿದ್ದು ಬರಿಯ ಸದ್ದನ್ನೇ ಮುದ್ರಿಸಬೇಕು. ಬಳಿಕ ಆ ಭಾಗವನ್ನು ಆರಿಸಿ, ‘ಎಫೆಕ್ಟ್’ ಪಟ್ಟಿಯ ‘ನಾಯ್ಸ್ ರಿಡಕ್ಷನ್’ ತೆರೆದು ಆ ಸದ್ದಿನ ಗುರುತನ್ನು ಯಂತ್ರಕ್ಕೆ ಕೊಡಬೇಕು. ಎರಡನೆಯ ಸಲ ಇಡೀ ಮುದ್ರಣವನ್ನು ಆರಿಸಿ ಅದನ್ನೇ ತೆರೆದು ಒಪ್ಪಿಗೆ ಕೊಟ್ಟರೆ ಫ್ಯಾನಿನ ಸದ್ದು ಬಹುಮಟ್ಟಿಗೆ ಇಳಿಯುತ್ತದೆ. ಆಸೆಬಿದ್ದು ಅತಿಯಾಗಿ ಮಾಡಿದರೆ ಮನುಷ್ಯ ಡಬ್ಬದೊಳಗಿಂದ ಮಾತನಾಡಿದಂತೆ ಕೇಳುತ್ತದೆ. ಹಿರಿಯರ ಕೆಮ್ಮು, ಅವರು ತಡೆದು ನಿಲ್ಲುವ ಕ್ಷಣ, ಇವನ್ನು ಮಾತ್ರ ಕತ್ತರಿಸಬೇಡಿರಿ. ಅವೂ ಮಾತೇ.

ಹಳೆಯ ಕ್ಯಾಸೆಟ್ಟುಗಳ ಬಗೆಗೂ ಒಂದು ಮಾತು. ತಾಳಮದ್ದಳೆಯ ಕ್ಯಾಸೆಟ್ಟುಗಳು ಎಷ್ಟೋ ಮನೆಗಳ ಟ್ರಂಕಿನಲ್ಲಿ ಬೂಸಲು ಹಿಡಿಯುತ್ತಿವೆ. ಟೇಪ್‌ರೆಕಾರ್ಡರಿನ ಇಯರ್‌ಫೋನಿನ ತೂತಿನಿಂದ ಕಂಪ್ಯೂಟರಿನ ‘ಲೈನ್ ಇನ್’ ತೂತಿಗೆ ತಂತಿ ಕೊಟ್ಟು ಇವನ್ನು ಇಳಿಸಿಕೊಳ್ಳಬಹುದು. ಲ್ಯಾಪ್‌ಟಾಪಿನಲ್ಲಿ ಬರಿಯ ಮೈಕಿನ ತೂತಿದ್ದರೆ ಯುಎಸ್‌ಬಿಗೆ ಚುಚ್ಚುವ ಸಣ್ಣ ಸಾಧನ ಬೇಕು. 90 ನಿಮಿಷದ ಕ್ಯಾಸೆಟ್ಟು 90 ನಿಮಿಷವೇ ಹಿಡಿಯುತ್ತದೆ, ಅವಸರ ಮಾಡಲಾಗದು.

ಕೊನೆಗೆ ಉಳಿಸುವ ಬಗೆ. ‘ಸೇವ್’ ಎಂದರೆ ಆಡಾಸಿಟಿ ಮಾತ್ರ ಓದಬಲ್ಲ ಕಡತ; ‘ಎಕ್ಸ್‌ಪೋರ್ಟ್’ ಎಂದರೆ ಎಲ್ಲರೂ ಕೇಳಬಲ್ಲ ಕಡತ. ಕಾಪಿಡಲು ವೇವ್ ರೂಪ, ಊರಿಗೆ ಮೊಬೈಲಿನಲ್ಲಿ ಕಳಿಸಲು ಎಂಪಿ3. ಎಲ್ಲಿ ಇಡಲೆಂದು ಕೇಳಿದಾಗ ‘ಕಂಪ್ಯೂಟರಿನಲ್ಲಿ’ ಎನ್ನಿರಿ, ಇನ್ನೊಂದು ಪ್ರತಿಯನ್ನು ಬೇರೆ ಡಿಸ್ಕಿನಲ್ಲಿಡಿರಿ. ಮಾತನಾಡಿದವರ ಒಪ್ಪಿಗೆಯಿಲ್ಲದೆ ಯಾರಿಗೂ ಕಳಿಸಬೇಡಿರಿ. ಮಾಲೀಕನ ಮೇಲೆ ಆಡಿದ ಮಾತು ಆತನ ಕಿವಿಗೇ ಬಿದ್ದರೆ ಇಂದಿಗೂ ಕೆಲಸ ಹೋಗುವವರು ನಮ್ಮಲ್ಲಿದ್ದಾರೆ. ಹೆಸರು, ಊರು, ಗಿರಣಿ ಅಥವಾ ಹೋಟೆಲು, ಮುದ್ರಿಸಿದ ತಾರೀಖು, ಇಷ್ಟನ್ನು ಮುದ್ರಣದ ಆರಂಭದಲ್ಲಿ ಬಾಯಿಂದಲೇ ಹೇಳಿಸಿಬಿಟ್ಟರೆ ಚೀಟಿ ಕಳೆದರೂ ಚಿಂತೆಯಿಲ್ಲ.

ಕಲಿಯಬೇಕೆನ್ನುವವರು ಪಾಳಿ ಮುಗಿಸಿ ಸಂಘದ ಕೋಣೆಗೆ ಬರಬಹುದು. ಬರುವಾಗ ಮನೆಯ ಹಿರಿಯರನ್ನೂ ಕರೆದುಕೊಂಡು ಬನ್ನಿರಿ.