ಬೆಳೆಯುವ ಹುಡುಗಿಯ ಮೈತೂಕ

ಮಗಳು ಹನ್ನೆರಡು ದಾಟಿದಳೆಂದರೆ ಅವಳ ಮೈಯ ವಿಷಯವಾಗಿ ಮಾತನಾಡುವ ಹಕ್ಕು ಊರಿಗೆಲ್ಲ ಬಂದಂತೆ ನಾವು ನಡೆದುಕೊಳ್ಳುತ್ತೇವೆ. "ಏನೇ, ಇಷ್ಟು ದಪ್ಪಗಾದೆ?" ಎಂದು ಮದುವೆ ಮನೆಯಲ್ಲಿ ಒಬ್ಬರು ನಕ್ಕರೆ, "ಇನ್ನು ಮೇಲೆ ಅನ್ನ ಕಡಿಮೆ ಮಾಡು" ಎಂದು ಇನ್ನೊಬ್ಬರು ಸೇರಿಸುತ್ತಾರೆ. ಆಡಿದವರು ಊಟದ ಎಲೆ ಮಡಿಸುವಷ್ಟರಲ್ಲಿ ಮರೆತುಬಿಡುತ್ತಾರೆ, ಹುಡುಗಿ ಮರೆಯುವುದಿಲ್ಲ. ಶಾಲೆಗೆ ಕಟ್ಟಿಕೊಟ್ಟ ಬುತ್ತಿ ಹಾಗೆಯೇ ಮನೆಗೆ ಹಿಂದಿರುಗುತ್ತದೆ. ಆಟದ ಪಿರಿಯಡ್ಡಿನಲ್ಲಿ ಅವಳಿಗೆ ತಲೆನೋವು ಬರುತ್ತದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡಿಗೆಮನೆಯ ಡಬ್ಬಿಯ ಮುಚ್ಚಳ ಸದ್ದಾಗುತ್ತದೆ. ಇದಕ್ಕಿಂತ ಹಿತವಾದ ದಾರಿಯುಂಟೆ ಎಂಬುದನ್ನು ತಾಯಂದಿರಾದ ನಿಮ್ಮೊಡನೆ ವಿಚಾರ ಮಾಡಬೇಕೆಂದಿದ್ದೇನೆ.

ಮೊದಲು ಮೈಯ ಮಾತು. ಮೈನೆರೆಯುವ ವಯಸ್ಸಿನಲ್ಲಿ ಹುಡುಗಿಯರ ಸೊಂಟ, ತೊಡೆಗಳಲ್ಲಿ ಕೊಬ್ಬು ಸೇರುವುದು ಪ್ರಕೃತಿಯ ಏರ್ಪಾಡು. ಕೆಲವರಿಗೆ ತೂಕ ಮೊದಲು ಬಂದು ಎತ್ತರ ಆಮೇಲೆ ಬರುವುದೂ ಉಂಟು. ಆದುದರಿಂದ ದೊಡ್ಡವರ ತೂಕದ ಪಟ್ಟಿಯನ್ನು ಹಿಡಿದು ಬೆಳೆಯುವ ಮಗುವನ್ನು ಅಳೆಯಬಾರದು. ವಯಸ್ಸಿಗೆ ತಕ್ಕ ಬೆಳವಣಿಗೆಯ ನಕ್ಷೆಯನ್ನು ನೋಡಿ ವೈದ್ಯರು ಹೇಳಬೇಕು. ಹಾಗೆಂದು ಎಲ್ಲ ತೂಕವೂ ನಿರಪಾಯವೆಂದಲ್ಲ. ತೂಕ ಬೇಗಬೇಗನೆ ಏರುತ್ತಿದ್ದರೆ, ಕುತ್ತಿಗೆಯ ಚರ್ಮ ಕಪ್ಪಾಗಿ ದಪ್ಪಗಾಗಿದ್ದರೆ, ಮುಟ್ಟು ತಿಂಗಳುಗಟ್ಟಲೆ ತಪ್ಪುತ್ತಿದ್ದರೆ ವೈದ್ಯರಿಗೆ ತೋರಿಸಲೇಬೇಕು. ಮನೆತನದಲ್ಲಿ ಸಕ್ಕರೆ ಕಾಯಿಲೆಯಿದ್ದರೆ ಇನ್ನೂ ಎಚ್ಚರಿಕೆ ಬೇಕು. ಕಾಳಜಿ ಸರಿಯೆ, ಕಾಳಜಿಯ ರೀತಿಯನ್ನು ಮಾತ್ರ ನಾವು ತಿದ್ದಿಕೊಳ್ಳಬೇಕಾಗಿದೆ.

ಹೊಟ್ಟೆ ಕಟ್ಟಿಸಿದರೆ ಏನಾಗುತ್ತದೆಂಬುದನ್ನು ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ೧೯೪೪-೪೫ರಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಪರೀಕ್ಷಿಸಿ ನೋಡಿದರು. ತಾವಾಗಿಯೇ ಒಪ್ಪಿ ಬಂದ ೩೬ ಮಂದಿ ಆರೋಗ್ಯವಂತ ತರುಣರಿಗೆ ಆರು ತಿಂಗಳು ಅರೆಹೊಟ್ಟೆಯ ಊಟ. ಅವರ ಮೈ ಇಳಿಯಿತು, ನಿಜ. ಆದರೆ ಮನಸ್ಸಿನ ತುಂಬ ಊಟವೇ ಆಯಿತು. ಅಡಿಗೆಯ ಪುಸ್ತಕಗಳನ್ನು ಕೂಡಿಟ್ಟುಕೊಂಡು ಓದುವವರಾದರು. ಕಟ್ಟು ಬಿಚ್ಚಿದ ಮೇಲೆ ಎಷ್ಟು ಉಂಡರೂ ತೃಪ್ತಿಯಿಲ್ಲ. ಅದೇ ವಿಶ್ವವಿದ್ಯಾಲಯದವರು ಮುಂದೆ ಹರೆಯದ ಹುಡುಗ ಹುಡುಗಿಯರನ್ನು ಐದು ವರ್ಷ ಗಮನಿಸಿ ೨೦೦೬ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೂಕಕ್ಕಾಗಿ ಊಟ ಬಿಟ್ಟು ಪಥ್ಯ ಹಿಡಿದವರೇ ಉಳಿದವರಿಗಿಂತ ಹೆಚ್ಚಾಗಿ ದಪ್ಪವಾದುದು ಕಂಡುಬಂದಿತು. ನಮ್ಮಲ್ಲಿ ಇನ್ನೊಂದು ಅಪಾಯವೂ ಇದೆ. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ೧೫ರಿಂದ ೧೯ ವರ್ಷದ ಹುಡುಗಿಯರಲ್ಲಿ ನೂರಕ್ಕೆ ೫೯ ಮಂದಿಗೆ ರಕ್ತಹೀನತೆ. ದಪ್ಪಗೆ ಕಂಡ ಹುಡುಗಿಯ ರಕ್ತವೂ ತೆಳುವಾಗಿರಬಹುದು. ಅವಳ ತಟ್ಟೆಯಿಂದ ಸೊಪ್ಪು, ಕಾಳು, ಮೊಟ್ಟೆಗಳನ್ನು ಕಿತ್ತುಕೊಂಡರೆ ಯಾರಿಗೆ ಲಾಭ?

ಮದ್ದು ಕುಡಿಯುವಾಗ ಮಂಗನನ್ನು ನೆನೆಯಬೇಡವೆಂದ ವೈದ್ಯನ ಕತೆ ನಿಮಗೆ ಗೊತ್ತೇ ಇದೆ. ಬಟ್ಟಲು ಬಾಯಿಗೆ ಬಂದೊಡನೆ ಮಂಗ ಹಾಜರು! ಬೇಡವೆಂದಷ್ಟೂ ಬರುವುದು ಮನಸ್ಸಿನ ಸ್ವಭಾವ. ಇದನ್ನರಿತೇ ಸ್ಟೀವನ್ ಹೇಯ್ಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ೧೯೮೦ರ ದಶಕದಿಂದೀಚೆಗೆ ಒಂದು ಚಿಕಿತ್ಸಾಕ್ರಮವನ್ನು ರೂಪಿಸಿದರು. ಬರುವ ಯೋಚನೆಯೊಡನೆ ಗುದ್ದಾಡದೆ ಅದು ಬಂದಿದೆಯೆಂದು ಒಪ್ಪಿಕೊಳ್ಳುವುದು, ಒಪ್ಪಿಕೊಂಡು ತನಗೆ ಬೇಕಾದ ಕೆಲಸದ ಕಡೆಗೆ ಹೆಜ್ಜೆಯಿಡುವುದು, ಇಷ್ಟೇ ಅದರ ತಿರುಳು. ೨೦೧೬ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ೧೯೦ ಮಂದಿ ವಯಸ್ಕರ ಪೈಕಿ ರೂಢಿಯ ಕ್ರಮವನ್ನು ಕಲಿತವರು ವರ್ಷದ ಕೊನೆಗೆ ತಮ್ಮ ತೂಕದಲ್ಲಿ ನೂರಕ್ಕೆ ೯.೮ ಪಾಲನ್ನೂ, ಅದರೊಡನೆ ಈ ಒಪ್ಪಿಗೆಯ ಕ್ರಮವನ್ನೂ ಕಲಿತವರು ೧೩.೩ ಪಾಲನ್ನೂ ಇಳಿಸಿದರು. ಹರೆಯದ ಹುಡುಗಿಯರಿಗೆ ಇದನ್ನು ಒಗ್ಗಿಸುವ ಪ್ರಯೋಗಗಳೂ ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ ನಡೆದಿವೆ. ಮೊದಲ ಪ್ರಯೋಗಗಳು ಚಿಕ್ಕ ಗುಂಪುಗಳಲ್ಲಿ ಆದವು. ಆದಕಾರಣ ಇದನ್ನು ರಾಮಬಾಣವೆಂದು ಭಾವಿಸತಕ್ಕದ್ದಲ್ಲ.

ಒಪ್ಪಿಕೊಳ್ಳುವುದೆಂದರೆ ಕೈಚೆಲ್ಲಿ ಕೂರುವುದೆಂದು ತಿಳಿಯಬೇಡಿ. ಒಕ್ಕಲಿಗನು ತನ್ನ ಹೊಲ ಕೆಮ್ಮಣ್ಣಿನದೋ ಎರೆಮಣ್ಣಿನದೋ ಎಂಬುದನ್ನು ಒಪ್ಪಿಕೊಂಡ ಮೇಲಲ್ಲವೆ ಬೀಜವನ್ನು ಆರಿಸುವುದು?

ಶಾಲೆಯಿಂದ ಬರುವ ದಾರಿಯಲ್ಲಿ ಬೋಂಡದ ವಾಸನೆ ಬಂತೆನ್ನಿ. "ಛೆ, ನನ್ನದು ಎಂಥ ಹಾಳು ಬಾಯಿ" ಎಂದು ಹುಡುಗಿ ತನ್ನನ್ನು ತಾನೇ ಬೈದುಕೊಳ್ಳಬೇಕಾಗಿಲ್ಲ. "ಈಗ ಆಸೆ ಎದ್ದಿದೆ" ಎಂದು ಹೆಸರಿಟ್ಟು ನೋಡಲಿ. ಉಕ್ಕಿದ ಆಸೆ ತುಸು ಹೊತ್ತಿಗೆ ತಾನಾಗಿಯೇ ಇಳಿಯುವುದುಂಟು. ತಿಂದಳೋ, ರುಚಿ ನೋಡಿ ತಿನ್ನಲಿ. ಅದಕ್ಕೆ ದಂಡವಾಗಿ ರಾತ್ರಿಯ ಊಟ ಬಿಡುವುದು ಬೇಡ. "ನಾನು ದಪ್ಪ, ಎಲ್ಲರೂ ನಗುತ್ತಾರೆ" ಎಂಬ ಯೋಚನೆಯೂ ಹೀಗೆಯೇ. ಅದು ಬರಲಿ, ಅದನ್ನು ಜೊತೆಯಲ್ಲಿಟ್ಟುಕೊಂಡೇ ಅವಳು ಆಟದ ಬಯಲಿಗೆ ಇಳಿಯಬಹುದು. ಯಾತಕ್ಕೆ ಇಳಿಯಬೇಕು? ತೆಳ್ಳಗಾಗುವುದಕ್ಕೆ ಎಂದರೆ ಉತ್ಸಾಹ ಹದಿನೈದು ದಿನಕ್ಕೆ ಮುಗಿಯುತ್ತದೆ. ತ್ರೋಬಾಲ್ ತಂಡದಲ್ಲಿ ಆಡಬೇಕು, ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು ಗೆಳತಿಯರೊಡನೆ ಹತ್ತಬೇಕು ಎಂಬಂಥ ಅವಳದೇ ಆದ ಬಯಕೆಯಿದ್ದರೆ ಅದು ಬಹುಕಾಲ ನಡೆಸುತ್ತದೆ. ಆ ಬಯಕೆ ಯಾವುದೆಂದು ಅವಳನ್ನು ಕೇಳಿ, ನೀವೇ ಹೇಳಿಬಿಡಬೇಡಿ.

ಮನೆಯವರು ಮಾಡತಕ್ಕದ್ದೂ ಇದೆ. ನಿಯಮ ಮಾಡಿದರೆ ಮನೆಗೆಲ್ಲ ಒಂದೇ ಇರಲಿ. ಅಣ್ಣನ ಮುದ್ದೆಗೆ ತುಪ್ಪ, ತಂಗಿಗೆ ಉಪದೇಶ ಎಂದಾಗಬಾರದು. ರಾಗಿ, ಸೊಪ್ಪಿನ ಸಾರು, ಹೆಸರುಬೇಳೆಯ ಕೋಸಂಬರಿ ಎಲ್ಲರ ತಟ್ಟೆಗೂ ಬರಲಿ. ಬಾಟಲಿಯ ಸಿಹಿ ಪಾನೀಯದ ಜಾಗದಲ್ಲಿ ಮಜ್ಜಿಗೆ ಇರಲಿ. ಈ ವಯಸ್ಸಿನವರಿಗೆ ದಿನಕ್ಕೆ ಸರಾಸರಿ ೬೦ ನಿಮಿಷ ಮೈ ಬೆಚ್ಚಗಾಗುವ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೨೦ರಲ್ಲಿ ಹೇಳಿದೆ. ಕುಂಟೆಬಿಲ್ಲೆ, ಸೈಕಲ್ಲು, ನೃತ್ಯ, ಯಾವುದಾದರೂ ಸರಿ. ಟ್ಯೂಷನ್ನಿನ ನಡುವೆ ಅದಕ್ಕೆ ಸಮಯ ಬಿಡಿಸಿಕೊಡಬೇಕಾದವರು ನಾವು. ಎಂಟರಿಂದ ಹತ್ತು ಗಂಟೆ ನಿದ್ರೆಯೂ ಬೇಕು. ಮೊಬೈಲು ರಾತ್ರಿ ಹಜಾರದಲ್ಲೇ ಮಲಗಲಿ. ತೂಕದ ಯಂತ್ರದ ಮೇಲೆ ದಿನವೂ ನಿಲ್ಲಿಸುವುದು ಬೇಡ. ಕನ್ನಡಿಯ ಮುಂದೆ ನಿಂತು ನಿಮ್ಮ ಮೈಯನ್ನು ನೀವೇ ಹಳಿದುಕೊಳ್ಳುವುದೂ ಬೇಡ, ಮಗಳು ಕೇಳುತ್ತಿರುತ್ತಾಳೆ.

ಉಂಡದ್ದನ್ನು ಗುಟ್ಟಾಗಿ ವಾಂತಿ ಮಾಡುವುದು, ದಿನಗಟ್ಟಲೆ ಊಟ ಬಿಡುವುದು, ಯಾರೊಡನೆಯೂ ಬೆರೆಯದಿರುವುದು ಕಂಡರೆ ಗದರಿಸದೆ ವೈದ್ಯರ ಬಳಿಗೆ ಕರೆದುಕೊಂಡು ಹೋಗಿ. ೨೦೨೨ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ ೧೪೪೧೬ ಸಂಖ್ಯೆಗೆ ಕರೆಮಾಡಿದರೆ ಉಚಿತವಾಗಿ ಸಲಹೆ ದೊರೆಯುತ್ತದೆ.

ಮಕ್ಕಳ ಮೈ ಬೆಳೆಯುವುದಕ್ಕೆ ವರ್ಷಗಳು ಬೇಕು. ಒಳ್ಳೆಯ ಅಭ್ಯಾಸ ಬೇರೂರುವುದಕ್ಕೂ ಹಾಗೆಯೇ. ಅಷ್ಟು ಕಾಲ ತಾಳ್ಮೆಯಿಂದಿರಿ. ಮನೆಯಲ್ಲಿ ತನ್ನ ಮೈಗೆ ಮರ್ಯಾದೆಯಿದೆಯೆಂದು ಕಂಡ ಹುಡುಗಿ ಆ ಮೈಯನ್ನು ತಾನೂ ಜೋಪಾನ ಮಾಡಿಕೊಳ್ಳಲು ಕಲಿಯುತ್ತಾಳೆ.