ಮಕ್ಕಳ ಅಳು



ಇಂದು ರಾಯಚರ್ಲಿಗೆ ಬರುವ ದಾರಿಯಲ್ಲಿ ಬಾಲಕನೊಬ್ಬ ಬಿದ್ದು, ಮೊಣಕಾಲು ತರಚಿಕೊಂಡು ಅಳುತ್ತಿದ್ದ. ತಂದೆ ಅವನ ಬೆನ್ನಿಗೊಂದು ಗುದ್ದಿ, "ಗಂಡುಹುಡುಗ ಅಳ್ತಾನೇನೋ?" ಎಂದು ಗದರಿದರು. ಹುಡುಗ ಬಾಯಿ ಮುಚ್ಚಿದ. ಅಳು ಒಳಗೇ ಉಳಿಯಿತು. ಆ ತಂದೆಯನ್ನು ನಾವು ದೂಷಿಸುವುದಿಲ್ಲ. ಇದೇ ತಪ್ಪನ್ನು ನಾವೂ ಮಾಡಿದ್ದೇವೆ.

ಕೆಲವು ವರ್ಷಗಳ ಹಿಂದೆ ಪಾವಗಡದ ಕಡೆಯ ಎಂಟು ವರ್ಷದ ಬಾಲಕನೊಬ್ಬ ನಮ್ಮ ಪ್ರಸಾದನಿಲಯಕ್ಕೆ ಸೇರಿದ. ಮಳೆಯಿಲ್ಲದೆ ಕಡಲೆಕಾಯಿ ಬೆಳೆ ಕೈಕೊಟ್ಟು, ತಂದೆತಾಯಿ ಕೂಲಿಗಾಗಿ ಬೆಂಗಳೂರು ಸೇರಿದ್ದರು. ಪ್ರತಿದಿನ ಸಂಜೆ ಪ್ರಾರ್ಥನೆಯ ಹೊತ್ತಿಗೆ ಅವನಿಗೆ ಹೊಟ್ಟೆನೋವು. ಜೀರಿಗೆ ಕಷಾಯ ಕೊಡಿಸಿದೆವು, ವೈದ್ಯರಿಗೆ ತೋರಿಸಿದೆವು, ದೋಷವೇನೂ ಕಾಣಲಿಲ್ಲ. ಇದು ಪ್ರಾರ್ಥನೆ ತಪ್ಪಿಸುವ ಹೂಟವೆಂದು ಭಾವಿಸಿ ಎಲ್ಲರೆದುರು ಗದರಿಸಿಬಿಟ್ಟೆವು. ಇಷ್ಟು ಗ್ರಂಥಗಳನ್ನೋದಿದ ನಮಗೆ ತಿಳಿಯದ್ದು ನಮ್ಮ ಅಡುಗೆಯ ವೃದ್ಧರಿಗೆ ತಿಳಿಯಿತು. ಅವರು ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಡಲೆಕಾಯಿ ಸುಲಿಯಲು ಕೊಟ್ಟರು. ಬಹಳ ಹೊತ್ತು ಏನೂ ಕೇಳಲಿಲ್ಲ. ಆಮೇಲೆ, "ಊರಲ್ಲಿ ಈ ಹೊತ್ತಿಗೆ ಏನ್ಮಾಡ್ತಿದ್ದೆ ಮಗಾ?" ಎಂದರು. "ಅಮ್ಮ ಹೊಲದಿಂದ ಬರೋ ಹೊತ್ತು ತಾತ" ಎನ್ನುತ್ತಲೇ ಹುಡುಗ ಅತ್ತುಬಿಟ್ಟ. "ಇದು ಹೊಟ್ಟೆನೋವಲ್ಲ ಕಣಪ್ಪ, ಅಮ್ಮನ ನೆನಪು" ಎಂದರು ಅವರು. ನೋವು ಒಂದೇ ದಿನಕ್ಕೆ ಹೋಗಲಿಲ್ಲ. ಆದರೆ ಹುಡುಗ ತಾನೇ ಬಂದು, "ತಾತ, ನೆನಪು ಬಂತು" ಎನ್ನತೊಡಗಿದ.

ನಾವು ಅವನನ್ನು ಕರೆದು, "ನಾವು ಗದರಿದ್ದು ತಪ್ಪಾಯಿತು" ಎಂದೆವು. ಪೀಠದಲ್ಲಿ ಕುಳಿತವರ ಗಂಟಲಿನಿಂದ ಆ ಮಾತು ಬೇಗ ಹೊರಡುವುದಿಲ್ಲ.

ಭರತಮುನಿಯ ನಾಟ್ಯಶಾಸ್ತ್ರದಲ್ಲಿ ರತಿ, ಹಾಸ, ಶೋಕ, ಕ್ರೋಧ, ಉತ್ಸಾಹ, ಭಯ, ಜುಗುಪ್ಸೆ, ವಿಸ್ಮಯ ಎಂದು ಎಂಟು ಸ್ಥಾಯಿಭಾವಗಳಿವೆ. ಪಾಠಶಾಲೆಯಲ್ಲಿ ಇವನ್ನು ಬಾಯಿಪಾಠ ಮಾಡಿದ ನಾವು, ಎದುರಿಗೆ ನಿಂತ ಶೋಕವನ್ನು ಗುರುತಿಸಲಿಲ್ಲ! ಮಗುವಿಗೆ ಸಂಸ್ಕೃತ ಬೇಡ. ಹೆದರಿಕೆ, ಬೇಜಾರು, ಹೊಟ್ಟೆಕಿಚ್ಚು, ನಾಚಿಕೆ ಎಂಬ ಮನೆಮಾತುಗಳೇ ಸಾಕು. ಅರಿಷಡ್ವರ್ಗವನ್ನು ಗೆಲ್ಲು ಎನ್ನುತ್ತೇವೆ; ವೈರಿಯ ಗುರುತೇ ಇಲ್ಲದವನು ಯಾರನ್ನು ಗೆದ್ದಾನು? ತಂಗಿಯನ್ನು ಹೊಡೆದ ಮಗನಿಗೆ, "ಕೋಪ ಬಂದದ್ದು ತಪ್ಪಲ್ಲ, ಕೈಯೆತ್ತಿದ್ದು ತಪ್ಪು" ಎಂದು ಬಿಡಿಸಿ ಹೇಳಿರಿ. ಅದನ್ನು ನೀವು ಕೋಲು ಹಿಡಿದು ಹೇಳಿದರೆ ಅವನು ಕೋಲನ್ನೇ ಕಲಿಯುತ್ತಾನೆ.

ಮಗು ವಾರಗಟ್ಟಲೆ ಊಟ, ನಿದ್ರೆ, ಆಟ ಬಿಟ್ಟರೆ ದೃಷ್ಟಿ ತೆಗೆದು ಸುಮ್ಮನಾಗಬೇಡಿರಿ, ವೈದ್ಯರಿಗೆ ತೋರಿಸಿರಿ. 2022ರಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್‌ಗೆ 14416 ಸಂಖ್ಯೆಗೆ ಕರೆ ಮಾಡಿ ಸಲಹೆ ಕೇಳಬಹುದು.

2019ರ ಜನವರಿ 21ರಂದು ಸಿದ್ಧಗಂಗೆಯ ಪರಮಪೂಜ್ಯ ಶ್ರೀ ಶಿವಕುಮಾರ ಮಹಾಸ್ವಾಮಿಗಳವರು 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದರು. ಮಠದ ಮಕ್ಕಳ ಊಟವಾದ ಮೇಲೆಯೇ ಸುದ್ದಿ ತಿಳಿಸಬೇಕೆಂಬುದು ಅವರ ಇಚ್ಛೆಯಾಗಿತ್ತು, ಹಾಗೆಯೇ ನಡೆಯಿತು. ಗಮನಿಸಿರಿ: ಮಕ್ಕಳಿಂದ ಮುಚ್ಚಿಡಿರಿ ಎನ್ನಲಿಲ್ಲ, ಅವರು ಅಳಬಾರದೆನ್ನಲಿಲ್ಲ. ದುಃಖವು ಹಸಿದ ಹೊಟ್ಟೆಯ ಮೇಲೆ ಬೀಳದಂತೆ ನೋಡಿಕೊಂಡರು, ಅಷ್ಟೇ.

ನಮ್ಮ ಮನೆಗಳಲ್ಲಿ ತಾತ ತೀರಿಕೊಂಡರೆ ಮಗುವಿಗೆ, "ಊರಿಗೆ ಹೋಗಿದ್ದಾರೆ, ಬರ್ತಾರೆ" ಎನ್ನುತ್ತೇವೆ. ಹಾಗೆ ಹೇಳಿಸಿಕೊಂಡ ಮಗುವೊಂದನ್ನು ನಾವು ಕಂಡಿದ್ದೇವೆ. ತಿಂಗಳಾದರೂ ಅದು ಪ್ರತಿ ಸಂಜೆ ಜಗಲಿಯ ಮೇಲೆ ಕುಳಿತು, ಬಸ್ಸಿನಿಂದ ಇಳಿದವರನ್ನು ಒಬ್ಬೊಬ್ಬರನ್ನಾಗಿ ನೋಡುತ್ತಿತ್ತು.