ವಾಹನಗಳ ಬಂಧುಬಳಗ

ನನ್ನದು 2012ರಲ್ಲಿ ಕೊಂಡ ಫಿಯೆಟ್ ಪುಂಟೊ, ಡೀಸೆಲ್ ಕಾರು. ನಿವೃತ್ತಿಯ ಮೇಲೆ ಅದರ ಆರೈಕೆಯಲ್ಲಿ ನಾನು ಉದಾಸೀನನಾದೆ; ಎಣ್ಣೆ ಬದಲಿಸುವುದನ್ನು ಮುಂದೂಡುತ್ತ ಬಂದೆ. ಅದರ ಫಲವಾಗಿ ಒಂದು ಮಳೆಗಾಲದಲ್ಲಿ ಎಂಜಿನ್ನಿನೊಳಗಿಂದ ಸರಪಳಿ ಉಜ್ಜಿದಂಥ ಸದ್ದು ಹೊರಟಿತು. ಮನೆಯಾಕೆಯನ್ನು ವಾರಕ್ಕೆರಡು ಸಲ ಆಸ್ಪತ್ರೆಗೆ ಕರೆದೊಯ್ಯಬೇಕಾಗಿದ್ದ ದಿನಗಳವು. ಪಿಂಚಣಿಯಲ್ಲಿ ಹೊಸ ಕಾರಿನ ಮಾತೇ ಇಲ್ಲ. ಫಿಯೆಟ್ಟಾದರೋ ಈ ದೇಶದಲ್ಲಿ ಕಾರು ಮಾರುವುದನ್ನು ನಿಲ್ಲಿಸಿ ವರ್ಷಗಳಾಗಿದ್ದವು. ತಬ್ಬಲಿ ಗಾಡಿಗೆ ಬಿಡಿಭಾಗ ಕೊಡುವವರು ಯಾರು?

ಕಂಕನಾಡಿಯ ತರುಣ ಮೆಕ್ಯಾನಿಕ್ ಬಾನೆಟ್ ಎತ್ತಿ, ಕಿವಿಗೊಟ್ಟು ಕೇಳಿ, ನಕ್ಕ. “ಹೆದರ್ಬೇಡಿ ಮಾಸ್ಟ್ರೇ. ಹೆಸರು ಬೇರೆ ಅಷ್ಟೆ. ಇದೇ ಎಂಜಿನ್ ಸ್ವಿಫ್ಟಲ್ಲೂ ಉಂಟು.” ಮರುದಿನ ಸ್ವಿಫ್ಟಿನ ಟೈಮಿಂಗ್ ಚೈನು ತಂದು, ಹಳೆಯದರ ಪಕ್ಕದಲ್ಲಿಟ್ಟು, ಕೊಂಡಿ ಕೊಂಡಿಯನ್ನೂ ತಾಳೆ ನೋಡಿ ಜೋಡಿಸಿದ. ಹಸ್ತಪ್ರತಿಗಳ ಪಾಠಾಂತರ ನೋಡುತ್ತ ಅರ್ಧ ಆಯುಷ್ಯ ಕಳೆದ ನನಗೆ ಅವನ ಕೆಲಸ ಅಪರಿಚಿತವೆನಿಸಲಿಲ್ಲ.

ಆಮೇಲೆ ವಿಚಾರಿಸಿ ತಿಳಿದೆ. ಈ 1.3 ಲೀಟರಿನ ಡೀಸೆಲ್ ಎಂಜಿನ್ ಫಿಯೆಟ್ ಮನೆತನದ್ದು. ಪುಣೆಯ ಬಳಿಯ ರಂಜನಗಾಂವದಲ್ಲಿ ಟಾಟಾ ಮತ್ತು ಫಿಯೆಟ್ ಕೂಡಿ ನಡೆಸಿದ ಕಾರ್ಖಾನೆಯಲ್ಲಿ ಅದು ತಯಾರಾಯಿತು. ಪರವಾನಗಿ ಪಡೆದ ಸುಜುಕಿ ಬಳಗ ಹರಿಯಾಣದ ಮಾನೇಸರದಲ್ಲೂ ತಯಾರಿಸಿತು. 2007ರಲ್ಲಿ ಸ್ವಿಫ್ಟಿಗೆ, 2008ರಲ್ಲಿ ಟಾಟಾ ಇಂಡಿಕಾ ವಿಸ್ತಾಕ್ಕೆ ಬಂತು. ಜಾಹೀರಾತಿನಲ್ಲಿ ಪರಸ್ಪರ ಸ್ಪರ್ಧಿಗಳಾದ ಮೂರು ಕಾರುಗಳಿಗೆ ಒಂದೇ ಹೃದಯ. ಅಳಿಯಸಂತಾನದ ತುಳುನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ಬಳಿ ತಾಯಿಯಿಂದ ಬರುತ್ತದೆ. ತಂದೆ ಯಾವ ಮನೆಯವನೆಂದು ಕೇಳಿ ಕುಲ ಗುರುತಿಸಿದರೆ ಲೆಕ್ಕ ತಪ್ಪುತ್ತದೆ. ಕಾರಿನ ಮೂತಿಯ ಲಾಂಛನವೂ ಹಾಗೆಯೇ.

ಎಂಜಿನ್ ಹಂಚಿಕೊಂಡವರೆಲ್ಲ ಒಬ್ಬನೇ ಒಡೆಯನ ಕೈಕೆಳಗಿನವರೆಂದು ಭಾವಿಸಬಾರದು. ಪರವಾನಗಿಯ ನಂಟು ಬೇರೆ, ಪಾಲಿನ ನಂಟು ಬೇರೆ. ಮಾರುತಿಯಲ್ಲಿ ಸುಜುಕಿಯ ಪಾಲು 1982ರ ಒಪ್ಪಂದದಲ್ಲಿ ಶೇಕಡಾ 26 ಇತ್ತು. 2002ರಲ್ಲಿ ಅರ್ಧವನ್ನು ಮೀರಿ ಯಜಮಾನಿಕೆಯೇ ಕೈಬದಲಾಯಿತು. ಅದೇ ಸುಜುಕಿಯಲ್ಲಿ ಟೊಯೋಟಾ ಶೇಕಡಾ ಐದಕ್ಕೂ ತುಸು ಕಡಿಮೆ ಪಾಲು ಕೊಳ್ಳುವುದೆಂದೂ, ಸುಜುಕಿ ಟೊಯೋಟಾದಲ್ಲಿ ಅಲ್ಪಪಾಲು ಪಡೆಯುವುದೆಂದೂ 2019ರಲ್ಲಿ ಒಪ್ಪಿಕೊಂಡವು. ಅದು ಯಜಮಾನಿಕೆಯಲ್ಲ, ಬೀಗತನ. ಆ ವರ್ಷವೇ ಮಾರುತಿಯ ಬಲೆನೊ ಟೊಯೋಟಾ ಗ್ಲಾಂಜಾ ಎಂಬ ಹೆಸರಿನಲ್ಲಿಯೂ ಅಂಗಡಿಗೆ ಬಂತು. 2022ರಲ್ಲಿ ನಮ್ಮ ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಿಂದ ಒಂದೇ ಗಾಡಿ ಎರಡು ಮುಖ ಹೊತ್ತು ಹೊರಟಿತು: ಒಂದು ಟೊಯೋಟಾ ಹೈರೈಡರ್, ಇನ್ನೊಂದು ಮಾರುತಿಯ ಗ್ರ್ಯಾಂಡ್ ವಿಟಾರಾ.

ಇದನ್ನು ಮೋಸವೆನ್ನುವ ಮಿತ್ರರಿದ್ದಾರೆ. ನಾನು ಹಾಗೆನ್ನಲಾರೆ, ಆದರೆ ಮಾರುವವನು ಈ ನೆಂಟಸ್ತಿಕೆಯನ್ನು ಬಾಯಿಬಿಟ್ಟು ಹೇಳಬೇಕು. ಕೊಳ್ಳುವವನು ಲಾಂಛನಕ್ಕೆಷ್ಟು, ವಾರಂಟಿಗೆಷ್ಟು, ಲೋಹಕ್ಕೆಷ್ಟು ಹಣ ಕೊಡುತ್ತಿದ್ದೇನೆಂದು ಎಣಿಸಬೇಕು. ನನ್ನ ಆತಂಕ ಬೇರೆಯೇ ಇದೆ. ಹಂಚಿದ ಭಾಗದೊಡನೆ ಅದರ ದೋಷವೂ ಹಂಚಿಹೋಗುತ್ತದೆ. ಜಪಾನಿನ ಟಕಾಟಾ ಕಂಪನಿಯ ಏರ್‌ಬ್ಯಾಗುಗಳು ಎಷ್ಟೋ ಹೆಸರಿನ ಕಾರುಗಳಲ್ಲಿದ್ದವು. ಅವುಗಳ ಗಾಳಿ ತುಂಬುವ ಭಾಗ ಸಿಡಿದು ಲೋಹದ ಚೂರು ತಾಗಿ ಜನ ಸತ್ತರು; ಲೋಕದಾದ್ಯಂತ ಕೋಟಿಗಟ್ಟಲೆ ಏರ್‌ಬ್ಯಾಗುಗಳನ್ನು ಹಿಂದಕ್ಕೆ ಕರೆಯಬೇಕಾಯಿತು; 2017ರಲ್ಲಿ ಆ ಕಂಪನಿಯೇ ದಿವಾಳಿಯಾಯಿತು. ಹೋಂಡಾ ಕೊಂಡವನೂ ಟೊಯೋಟಾ ಕೊಂಡವನೂ ತಮಗೆ ಅರಿವಿಲ್ಲದೆ ಒಂದೇ ಅಪಾಯದ ಪಾಲುದಾರರಾಗಿದ್ದರು.

ಹೀಗಿದ್ದರೂ, ಆಸ್ಪತ್ರೆಯ ದಿನಗಳಲ್ಲಿ ನನ್ನನ್ನು ಕಾಪಾಡಿದ್ದು ಇದೇ ಬಂಧುತ್ವವೆಂಬುದನ್ನು ಮರೆಯಲಾರೆ. ಮೊನ್ನೆ ಗೇಟಿನ ಕಂಬಕ್ಕೆ ನಾನೇ ಹಿಂಬದಿ ತಾಗಿಸಿ ದೀಪದ ಗಾಜು ಒಡೆದುಕೊಂಡೆ. ಈ ಸಲ ಮೆಕ್ಯಾನಿಕ್ ನಗಲಿಲ್ಲ. “ಎಂಜಿನ್ನಿಗೆ ನೆಂಟರಿದ್ದಾರೆ ಮಾಸ್ಟ್ರೇ, ದೀಪಕ್ಕೆ ಇಲ್ಲ. ಗುಜರಿಯಲ್ಲಿ ಹುಡುಕುವ,” ಎಂದ. ಅವನು ಹುಡುಕುತ್ತಿದ್ದಾನೆ.